ಹುಟ್ಟು ಮುಟ್ಟುವಷ್ಟು ಕಡಲು

ಕರ್ನಾಟಕದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ. ಮಾಜಾಳಿಯಿಂದ ತಲಪಾಡಿಯವರೆಗೆ ಹಬ್ಬಿದ ಸುಮಾರು 320 ಕಿ.ಮೀ. ಕರಾವಳಿಯುದ್ದಕ್ಕೂ ದಡದಿಂದ 6 ಕಿ.ಮೀ. ದೂರದವರೆಗಿನ ಅಥವಾ 4 ಮಾರು ಆಳ ಸಿಗುವವರೆಗಿನ ನೀರನ್ನು, ಎರಡರಲ್ಲಿ ಯಾವುದು ಹೆಚ್ಚು ದೂರವೋ ಅಷ್ಟನ್ನು, ಆ ಕಾಯ್ದೆಯ ವ್ಯವಸ್ಥೆ ನಾಡದೋಣಿಗಳಿಗೆ ಮೀಸಲಿಟ್ಟಿತು. ಯಂತ್ರದ ಬೋಟುಗಳು ಅದರಾಚೆ ದುಡಿಯಬೇಕು. ಈ ಗೆರೆಯ ಮಾತು ಬಂದಾಗಲೆಲ್ಲ ಅದನ್ನು ಬಡ ಮೀನುಗಾರನಿಗೆ ಸರ್ಕಾರ ಕೊಟ್ಟ ರಿಯಾಯಿತಿ ಎಂಬಂತೆ ಕಾಣುವುದು ರೂಢಿ. ನನಗೆ ಆ ನೋಟ ತಲೆಕೆಳಗಾದದ್ದು ಅನಿಸುತ್ತದೆ. ಗೆರೆ ಕಾಯ್ದೆಗಿಂತ ಬಹಳ ಹಳೆಯದು. ಅದನ್ನು ಎಳೆದದ್ದು ಮರದ ಹುಟ್ಟು. ಒಬ್ಬರೋ ಇಬ್ಬರೋ ಕುಳಿತು, ತೋಳಿನ ಬಲದಿಂದ ಹೋಗಿ, ಬಲೆ ಬಿಟ್ಟು, ಎಳೆದು, ಮೀನು ಕೆಡುವ ಮೊದಲು ಅದೇ ತೋಳಿನ ಬಲದಿಂದ ದಡ ಸೇರಬಹುದಾದ ದೂರವೇ ತೀರದ ಕಡಲಿನ ಎಲ್ಲೆಯಾಗಿತ್ತು. ಯಾರೂ ಬರೆಯದೆ, ಯಾರೂ ಕಾಯದೆ ಆ ಎಲ್ಲೆ ತಲೆಮಾರುಗಟ್ಟಲೆ ನಡೆದುಬಂತು. ಎಂಜಿನ್ ಬಂದು ಅದನ್ನು ಅಳಿಸಿದ ಮೇಲೆ ಕಾಗದದ ಮೇಲೆ ಮತ್ತೆ ಬರೆಯಬೇಕಾಯಿತು. ಕರಾವಳಿಯ ಸಣ್ಣ ದೋಣಿಯ ಚರಿತ್ರೆಯನ್ನು ಹಿಂದುಳಿದ ಕಸುಬೊಂದು ಮುಂದುವರಿದ ಕಥೆಯಾಗಿ ಓದುವವರೇ ಹೆಚ್ಚು. ಮೈಬಲವೇ ಕಾನೂನಾಗಿದ್ದ ಒಂದು ವ್ಯವಸ್ಥೆ ಹೇಗಿತ್ತು, ಹೇಗೆ ಮುರಿಯಿತು ಎಂದು ಓದಿದರೆ ಆ ಚರಿತ್ರೆ ಹೆಚ್ಚು ಸರಿಯಾಗಿ ಅರ್ಥವಾಗುತ್ತದೆ.

ಮೊದಲು ದೋಣಿಯನ್ನೇ ಹತ್ತಿರದಿಂದ ನೋಡಬೇಕು. ಪಾತಿ ಎಂದು ಕರೆಯುವ ಸಣ್ಣ ದೋಣಿ ಒಂದೇ ದಿಮ್ಮಿಯನ್ನು ತೋಡಿ ಮಾಡಿದ್ದು. ಸಾಮಾನ್ಯವಾಗಿ ಮಾವಿನ ಮರ, ಅನುಕೂಲವಿದ್ದಲ್ಲಿ ಹೆಬ್ಬಲಸು. ಬಾಚಿ ಹಿಡಿದ ಆಚಾರಿ ಒಳಗಿನ ತಿರುಳನ್ನು ಕೆತ್ತಿ ತೆಗೆಯುತ್ತಾ ತಳವನ್ನು ದಪ್ಪಗೆ ಉಳಿಸಿ ಪಕ್ಕಗಳನ್ನು ತೆಳ್ಳಗೆ ಮಾಡುತ್ತಾನೆ. ತಳದ ಭಾರದಿಂದ ದೋಣಿ ಅಲೆಯಲ್ಲಿ ಸುಲಭಕ್ಕೆ ಮಗುಚುವುದಿಲ್ಲ. ಪಕ್ಕ ತೆಳುವಾದ್ದರಿಂದ ಮೂರು ನಾಲ್ಕು ಮಂದಿ ಸೇರಿ ಅದನ್ನು ಮರಳಿನ ಮೇಲೆ ಎಳೆದು ತೆಂಗಿನ ನೆರಳಿಗೆ ಒಯ್ಯಬಹುದು. ದಿಮ್ಮಿಯ ಎತ್ತರ ಸಾಲದಿದ್ದಾಗ ಅಂಚಿಗೆ ಹಲಗೆ ಏರಿಸುತ್ತಿದ್ದರು, ಆದರೆ ಮೊಳೆ ಹೊಡೆಯದೆ, ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಹೊಲಿದ ಅಂಚು ಅಲೆಯ ಹೊಡೆತಕ್ಕೆ ತುಸು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಮೈಗೆಲ್ಲ ಮೀನೆಣ್ಣೆ ಬಳಿದರೆ ಮರ ಹೆಚ್ಚು ಕಾಲ ಬಾಳುತ್ತದೆ. ಆ ಎಣ್ಣೆ ಅದೇ ದೋಣಿ ತಂದ ಬೂತಾಯಿಯದ್ದು. ಕಾರವಾರದ ಕಡೆ ದೋಣಿಯ ಒಂದು ಮಗ್ಗುಲಿಗೆ ಅಡ್ಡಗಳಗಳನ್ನು ಕಟ್ಟಿ, ಅವುಗಳ ತುದಿಗೆ ಉದ್ದನೆಯ ತೇಲುಮರ ಜೋಡಿಸುವ ಪದ್ಧತಿ ಇದೆ. ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆ ಇಲಾಖೆಯ ಮುಖ್ಯಸ್ಥನಾಗಿದ್ದ ಜೇಮ್ಸ್ ಹಾರ್ನೆಲ್ ಭಾರತದ ದೋಣಿಗಳ ರಚನೆಯ ಮೇಲೆ 1920ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ತೇಲುಮರದ ದೋಣಿಗಳಿಗೂ ಶಾಂತಸಾಗರದ ದ್ವೀಪವಾಸಿಗಳ ದೋಣಿಗಳಿಗೂ ನಂಟು ಹುಡುಕಿದ. ಆ ನಂಟನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಆದರೆ ಹೊಸ ಬಗೆಯ ಮೀನುಗಾರಿಕೆಯನ್ನು ತರಬೇಕಾದ ಇಲಾಖೆಯ ಮನುಷ್ಯನೇ ಈ ದೋಣಿಗಳ ಒಂದೊಂದು ಹೊಲಿಗೆಯನ್ನೂ ಗಮನಿಸಿ ಬರೆದಿಟ್ಟದ್ದು ದೊಡ್ಡ ಉಪಕಾರ. ಇವತ್ತು ಆ ಹೊಲಿಗೆ ಬಲ್ಲ ಕೈಗಳು ಸಿಗುವುದು ಕಷ್ಟ.

ಇಂಥ ದೋಣಿಯ ಒಂದು ದಿನವನ್ನು ಗಾಳಿ ನಡೆಸುತ್ತಿತ್ತು. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ತಣಿಯುವುದಿಲ್ಲ. ಹಾಗಾಗಿ ನಸುಕಿನಲ್ಲಿ ಗಾಳಿ ನೆಲದಿಂದ ಕಡಲ ಕಡೆಗೆ ಬೀಸುತ್ತದೆ. ಮಳೆಗಾಲ ಮುಗಿದ ಮೇಲಿನ ತಿಂಗಳುಗಳಲ್ಲಿ ಈ ನೆಲಗಾಳಿ ನಂಬುವಂಥದ್ದು. ಬೆಳಕು ಮೂಡುವ ಮೊದಲು ದೋಣಿ ನೂಕಿದವನಿಗೆ ಹೋಗುವ ದಾರಿ ಹಗುರ. ಹೊತ್ತೇರಿ ಮರಳು ಕಾದ ಮೇಲೆ ಗಾಳಿ ದಿಕ್ಕು ಬದಲಿಸಿ ಕಡಲಿನಿಂದ ನೆಲಕ್ಕೆ ಬೀಸತೊಡಗುತ್ತದೆ, ಅದು ದೋಣಿಯನ್ನು ಮನೆಗೆ ಕಳಿಸುವ ಗಾಳಿ. ಇವೆರಡರ ನಡುವಿನ ಕೆಲವು ತಾಸುಗಳೇ ಕೆಲಸದ ಹೊತ್ತು. ನೀರಿನಲ್ಲಿ ನೆಟ್ಟಗೆ ನಿಂತು ಮೀನನ್ನು ಕಿವಿರಿನಲ್ಲಿ ಸಿಕ್ಕಿಸುವ ಪಟ್ಟೆಬಲೆಯನ್ನು ಮಬ್ಬಿನಲ್ಲೇ ಬಿಡಬೇಕು, ಬೆಳಕು ಹರಿದರೆ ಹತ್ತಿಯ ಬಲೆ ಮೀನಿನ ಕಣ್ಣಿಗೆ ಬೀಳುತ್ತದೆ. ಗಾಳ ಹಾಕುವವನು ಕಲ್ಲುತಳ ಎಲ್ಲಿದೆ ಎಂದು ತಿಳಿದಿರಬೇಕು, ತಿಳಿಯುವುದು ದಡದ ಗುರುತುಗಳಿಂದ: ಇಂಥ ಗುಡ್ಡದ ನೆತ್ತಿ ಇಂಥ ಗುಡಿಯ ಮೇಲೆ ಬಂದಾಗ, ಇಂಥ ದ್ವೀಪದ ತುದಿ ಇಂಥ ಬಂಡೆಯನ್ನು ಮರೆ ಮಾಡಿದಾಗ. ದಡ ಕಣ್ಣಿಂದ ಮರೆಯಾದರೆ ಈ ಲೆಕ್ಕ ನಿಲ್ಲುತ್ತದೆ. ಇಬ್ಬರು ಹುಟ್ಟು ಹಾಕಿದರೆ ಗಂಟೆಗೆ ನಾಲ್ಕೈದು ಕಿ.ಮೀ. ಸಾಗುವುದೇ ಹೆಚ್ಚು, ಬಲೆಯ ಭಾರ, ಮೀನಿನ ಭಾರ, ಎದುರಲೆ ಸೇರಿದರೆ ಅದೂ ಇಲ್ಲ. ಹೋಗುವುದಕ್ಕೆ ಒಂದೂವರೆ ತಾಸು, ಬರುವುದಕ್ಕೆ ಎರಡು ತಾಸು ಎಂದು ಹಿಡಿದರೂ ಎಲ್ಲೆ ಎಲ್ಲಿ ಬೀಳುತ್ತದೆ ಎಂದು ಯಾರೂ ಲೆಕ್ಕ ಹಾಕಬಹುದು. ಅದು ಕಾಯ್ದೆಯ ಆರು ಕಿಲೋಮೀಟರಿನ ಆಸುಪಾಸಿನಲ್ಲೇ ಬೀಳುತ್ತದೆ. ಕಾಯ್ದೆ ಮಾಡಿದವರು ಹುಟ್ಟು ಹಿಡಿದು ಅಳೆದರು ಎಂದು ನಾನು ಹೇಳುತ್ತಿಲ್ಲ. ನಾಡದೋಣಿಗಳು ದುಡಿಯುತ್ತಿದ್ದ ನೀರನ್ನು ಅವರು ಕಾಪಾಡಹೊರಟರು, ಆ ನೀರಿನ ಅಗಲವನ್ನು ಹುಟ್ಟು ಅದಾಗಲೇ ನಿಶ್ಚಯಿಸಿತ್ತು.

ದೋಣಿಗಿದ್ದ ಮಿತಿ ಮಾರುಕಟ್ಟೆಗೂ ಇತ್ತು. ದಡಕ್ಕೆ ಬಂದ ಮೀನು ಹೆಂಗಸರ ಬುಟ್ಟಿಗೆ ಹೋಗುತ್ತಿತ್ತು. ತಲೆಹೊರೆಯಲ್ಲಿ ನಡೆದು ಮಧ್ಯಾಹ್ನದೊಳಗೆ ಮುಟ್ಟಬಹುದಾದ ಊರುಗಳಷ್ಟೇ ಹಸಿಮೀನಿನ ಪೇಟೆ. ಅದಕ್ಕಿಂತ ದೂರ ಹೋಗಬೇಕಾದರೆ ಉಪ್ಪು ಬೇಕು, ಉಪ್ಪಿನ ಮೇಲೆ ಬ್ರಿಟಿಷ್ ಸರ್ಕಾರದ ತೆರಿಗೆ. ಮೀನುವಿಜ್ಞಾನಿ ಫ್ರಾನ್ಸಿಸ್ ಡೇ 1873ರಲ್ಲಿ ಭಾರತ ಮತ್ತು ಬರ್ಮಾದ ಕಡಲ ಮೀನುಗಾರಿಕೆಯ ಬಗ್ಗೆ ವರದಿ ಬರೆದ ಕಾಲಕ್ಕೆ ಈ ತೆರಿಗೆಯ ಭಾರ ದೊಡ್ಡ ಚರ್ಚೆಯಾಗಿತ್ತು. ಮುಂದೆ ಮದ್ರಾಸ್ ಪ್ರಾಂತ್ಯದ ತೀರದಲ್ಲಿ ಸುಂಕವಿಲ್ಲದ ಉಪ್ಪಿನಲ್ಲಿ ಮೀನು ಹದಮಾಡುವ ಸರ್ಕಾರಿ ಅಂಗಳಗಳು ಎದ್ದವು. ಅಲ್ಲಿ ಒಣಗಿದ ಮೀನು ಘಟ್ಟ ಹತ್ತಿ ಮಲೆನಾಡಿಗೆ ಹೋಯಿತು, ಹಡಗು ಹತ್ತಿ ಸಿಲೋನಿಗೆ ಹೋಯಿತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಉಳಿದ ಕನ್ನಡ ಕರಾವಳಿಗೆ ಕೊಂಕಣ ರೈಲು ಬರಲು 1990ರ ದಶಕದವರೆಗೆ ಕಾಯಬೇಕಾಯಿತು. ಹಿಡಿದದ್ದನ್ನೆಲ್ಲ ಮಾರಲಾಗದ ಊರಿನಲ್ಲಿ ಹೆಚ್ಚು ದೂರ ಹೋಗಿ ಹೆಚ್ಚು ಹಿಡಿಯುವುದಕ್ಕೆ ಆಸೆಯೂ ಕಡಿಮೆ.

ಇನ್ನು ಕಾಲದ ಎಲ್ಲೆ. ಜೂನ್ ಮೊದಲಲ್ಲಿ ನೈಋತ್ಯ ಮಾರುತ ಮುರಿದುಬಿದ್ದರೆ ಅಲೆಯ ಸಾಲನ್ನು ದಾಟುವುದು ಪಾತಿಗೆ ಸಾಧ್ಯವಿಲ್ಲ. ದೋಣಿಗಳನ್ನು ಎಳೆದು ಮಡಲಿನ ಚಪ್ಪರದಡಿ ಮಗುಚಿ ಹಾಕುತ್ತಿದ್ದರು. ಆಗ ಮೀನುಗಾರಿಕೆ ಅಳಿವೆಗಳ ಒಳಗೆ, ಗಂಗೊಳ್ಳಿಯ ಪಂಚಗಂಗಾವಳಿಯಲ್ಲಿ, ಹಂಗಾರಕಟ್ಟೆಯ ಹಿನ್ನೀರಿನಲ್ಲಿ, ಕಾಳಿ ಶರಾವತಿಗಳ ಬಾಯಲ್ಲಿ ಬೀಸುಬಲೆಯಿಂದ ನಡೆಯುತ್ತಿತ್ತು. ಬಂಗುಡೆ ಬೂತಾಯಿಗಳು ಮೊಟ್ಟೆಯಿಡುವುದು ಹೆಚ್ಚಾಗಿ ಇದೇ ತಿಂಗಳುಗಳಲ್ಲಿ. ನೂಲಹುಣ್ಣಿಮೆಯ ಹೊತ್ತಿಗೆ ಮೊಗವೀರರು ಕಡಲಿಗೆ ಹಾಲೆರೆದು ತೆಂಗಿನಕಾಯಿ ಒಪ್ಪಿಸಿ ಸಮುದ್ರಪೂಜೆ ಮಾಡಿದ ಮೇಲೆಯೇ ದೋಣಿ ಇಳಿಯುವುದು. ಈ ಆಚರಣೆಯನ್ನು ಮೀನು ಸಂರಕ್ಷಣೆಯ ಪ್ರಾಚೀನ ವಿಜ್ಞಾನ ಎಂದು ಹೊಗಳುವವರಿದ್ದಾರೆ. ಅಷ್ಟು ದೂರ ಹೋಗಬೇಕಿಲ್ಲ. ಜನ ಕಡಲಿಗೆ ಇಳಿಯದೆ ಇದ್ದದ್ದು ಇಳಿಯಲಾಗದ್ದರಿಂದ, ಪೂಜೆ ಆ ಬಿಡುವಿನ ಕೊನೆಯನ್ನು ಊರಿಗೆಲ್ಲ ಒಟ್ಟಿಗೆ ಸಾರುತ್ತಿತ್ತು. ಆದರೆ ಪರಿಣಾಮ ಮಾತ್ರ ಸಂರಕ್ಷಣೆಯದ್ದೇ. ಇಂದು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟುಗಳಿಗೆ ವಿಧಿಸುವ ನಿಷೇಧ, ಅಲೆಗಳು ಬಿಟ್ಟಿಯಾಗಿ ಮಾಡುತ್ತಿದ್ದ ಕೆಲಸವನ್ನು ಆದೇಶದ ಮೂಲಕ ಮಾಡಿಸುತ್ತಿದೆ.

ಇಲ್ಲೊಂದು ಬಲವಾದ ಆಕ್ಷೇಪಕ್ಕೆ ಉತ್ತರಿಸಲೇಬೇಕು. ಸಣ್ಣ ದೋಣಿ ಸಣ್ಣದಾಗಿಯೇ ಹಿಡಿಯುತ್ತಿತ್ತು ಎಂಬುದು ಸುಳ್ಳು, ರಂಪಣಿಯನ್ನು ಮರೆತಿರಾ ಎಂದು ಯಾರಾದರೂ ಕೇಳಬಹುದು. ಕೇಳಬೇಕು ಕೂಡ. ಕೊಂಕಣ, ಗೋವೆಗಳಿಂದ ದಕ್ಷಿಣ ಕನ್ನಡದವರೆಗೆ ಆಳಿದ ಈ ಬಲೆ ಒಂದು ಕಿ.ಮೀ.ಗೂ ಮೀರಿದ ಉದ್ದದ್ದು. ಮನೆಮನೆಯವರು ತಂದ ತುಂಡುಗಳನ್ನು ಜೋಡಿಸಿ ಕಟ್ಟಿದ್ದು. ಎತ್ತರದಲ್ಲಿ ನಿಂತು ಕಡಲು ನೋಡುವವನೊಬ್ಬ ನೀರಿನ ಬಣ್ಣ ಕಪ್ಪಾದದ್ದನ್ನು, ಹಕ್ಕಿಗಳು ಎರಗುವುದನ್ನು ಗುರುತಿಸಿ ಕೂಗು ಹಾಕುತ್ತಾನೆ. ಬಲೆಯ ಒಂದು ತುದಿ ದಡದಲ್ಲೇ ಉಳಿಯುತ್ತದೆ. ದೊಡ್ಡ ದೋಣಿ ಬಲೆಯನ್ನು ಇಳಿಬಿಡುತ್ತಾ ಮೀನಿನ ಹಿಂಡನ್ನು ಬಳಸಿ ಇನ್ನೊಂದು ತುದಿಯನ್ನು ದೂರದ ದಡಕ್ಕೆ ತರುತ್ತದೆ. ಆಮೇಲೆ ಎರಡೂ ಕಡೆ ಐವತ್ತರಿಂದ ನೂರು ಜನ ಹಗ್ಗ ಹಿಡಿದು ಎಳೆಯುತ್ತಾರೆ. ಹಿಂಡು ದೊಡ್ಡದಿದ್ದರೆ ಬಲೆಯನ್ನು ಪೂರ್ತಿ ಎಳೆಯದೆ ನೀರಿನಲ್ಲೇ ನಿಲ್ಲಿಸಿ, ಒಳಗಿನ ಮೀನನ್ನು ಬೇಕಾದಷ್ಟೇ ಸಣ್ಣ ಬಲೆಯಿಂದ ಎತ್ತಿಕೊಳ್ಳುವುದೂ ಇತ್ತು. ಒಂದೇ ಬೀಸಿನಲ್ಲಿ ಟನ್ನುಗಟ್ಟಲೆ ಬಂಗುಡೆ ಬಂದದ್ದುಂಟು. ತಿನ್ನಲಾರದಷ್ಟು ಬೂತಾಯಿ ಬಂದ ವರ್ಷ ಅದು ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆಯ ಹೊಣೆ ಹೊತ್ತಿದ್ದ ಫ್ರೆಡರಿಕ್ ನಿಕಲ್ಸನ್ ಕಾಲದಲ್ಲಿ, ಅಂದರೆ 20ನೇ ಶತಮಾನದ ಮೊದಲ ದಶಕಗಳಲ್ಲಿ, ಬೂತಾಯಿಯನ್ನು ಬೇಯಿಸಿ ಎಣ್ಣೆ ಹಿಂಡಿ ಉಳಿದದ್ದನ್ನು ಗೊಬ್ಬರವಾಗಿ ಮಾರುವ ಕಾರ್ಖಾನೆಗಳು ಮಲಬಾರ್ ಮತ್ತು ದಕ್ಷಿಣ ಕನ್ನಡದ ತೀರದಲ್ಲಿ ಸಾಲುಗಟ್ಟಿದವು. ಅವಕ್ಕೆ ಮೀನು ತುಂಬಿದ್ದು ಎಂಜಿನ್ ಇಲ್ಲದ ದೋಣಿಗಳೇ. ಆದ್ದರಿಂದ ಹುಟ್ಟಿನ ಕಾಲದ ಜನ ಮೀನನ್ನು ಪೋಲು ಮಾಡಲಿಲ್ಲ, ಮರಿಮೀನು ಮುಟ್ಟಲಿಲ್ಲ ಎಂದು ವಾದಿಸಿದರೆ ಸಾಕ್ಷ್ಯ ನಮ್ಮ ವಿರುದ್ಧ ನಿಲ್ಲುತ್ತದೆ. 1940ರ ದಶಕದಲ್ಲಿ ಬೂತಾಯಿ ತೀರಾ ಇಳಿದಾಗ ಮದ್ರಾಸ್ ಸರ್ಕಾರ ಮರಿ ಬೂತಾಯಿ ಹಿಡಿಯುವುದರ ಮೇಲೆ ನಿರ್ಬಂಧ ಹಾಕಿ ನೋಡಿತ್ತು, ಅದು ಬಹುಕಾಲ ನಡೆಯಲಿಲ್ಲ.

ಆದರೂ ನನ್ನ ವಾದ ಇದರಿಂದ ಬಿದ್ದುಹೋಗುವುದಿಲ್ಲ, ಏಕೆಂದರೆ ಅದು ನಿಂತಿರುವುದು ಹಿಡಿದವರ ಒಳ್ಳೆಯತನದ ಮೇಲಲ್ಲ, ಅವರ ಕೈ ಮುಟ್ಟದ ಜಾಗದ ಮೇಲೆ. ರಂಪಣಿ ಎಷ್ಟೇ ದೊಡ್ಡದಿದ್ದರೂ ಅದು ಮೀನಿನ ಬಳಿಗೆ ಹೋಗಲಾರದು, ಮೀನು ಅದರ ಬಳಿಗೆ ಬರಬೇಕು. ಮರಳುತಳ ಇಲ್ಲದ ಕಡೆ ಬಲೆ ಹರಿಯುತ್ತದೆ, ಅಲ್ಲಿ ಮೀನಿಗೆ ಆಸರೆ. ದಡಕ್ಕೆ ಬಾರದೆ ಹತ್ತಿಪ್ಪತ್ತು ಮಾರು ಆಳದಲ್ಲೇ ಉಳಿದ ಹಿಂಡಿಗೆ ಆಸರೆ. ಮಳೆಗಾಲದ ಅಷ್ಟೂ ದಿನ ಎಲ್ಲ ಮೀನಿಗೂ ಆಸರೆ. ಕಾರ್ಖಾನೆಯ ಬೇಡಿಕೆ ಎಷ್ಟು ಬೆಳೆದರೂ ಈ ಮೂರು ಆಸರೆಗಳ ಒಳಗೆ ಹೋಗಲು ಆಗಿನ ಯಾವ ದೋಣಿಗೂ ಆಗಲಿಲ್ಲ. ಗದ್ದೆಯ ಬೆಳೆಯನ್ನೆಲ್ಲ ಕೊಯ್ದರೂ ಪತ್ತಾಯದಲ್ಲಿ ಬಿತ್ತನೆ ಭತ್ತ ಉಳಿದಂತೆ, ಹೊರಗಿನ ಕಡಲು ಮುಂದಿನ ವರ್ಷಕ್ಕೆ ಮೀನನ್ನು ಇಟ್ಟುಕೊಂಡಿರುತ್ತಿತ್ತು. ಬೂತಾಯಿಯ ಏರಿಳಿತಕ್ಕೆ ಬಲೆಯೊಂದೇ ಕಾರಣವೂ ಅಲ್ಲ. ಎಂಜಿನ್ ಇಲ್ಲದಾಗಲೂ ಅದು ಮಾಯವಾಗಿತ್ತು, ಎಂಜಿನ್‌ಗಳು ತುಂಬಿದ ಮೇಲೂ ಮಾಯವಾಯಿತು. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬಂದ ಬೂತಾಯಿ 2021ರಲ್ಲಿ ಮೂರು ಸಾವಿರದ ಚಿಲ್ಲರೆ ಟನ್ನಿಗೆ ಇಳಿದಾಗ ಕಡಲಿನ ಬಿಸಿ, ಎಲ್ ನಿನೋ, ಅತಿ ಹಿಡಿತ ಎಲ್ಲವನ್ನೂ ತಜ್ಞರು ಹೆಸರಿಸಿದರು. ವ್ಯತ್ಯಾಸ ಇರುವುದು ಕುಸಿತದ ನಂತರ. ಮೊದಲು ಕುಸಿದ ಮೀನನ್ನು ಬೆನ್ನಟ್ಟಿ ಹೋಗುವ ಶಕ್ತಿ ಯಾರಿಗೂ ಇರಲಿಲ್ಲ. ಈಗ ಉಳಿದ ಕೊನೆಯ ಹಿಂಡಿನ ಮೇಲೂ ಸೋನಾರಿನ ಕಣ್ಣಿದೆ.

ರಂಪಣಿಯ ಇನ್ನೊಂದು ಮುಖವನ್ನೂ ಹೇಳಬೇಕು. ಅಷ್ಟು ಜನ ಬೇಕಾದ ಬಲೆ ಅಷ್ಟು ಜನರಿಗೆ ಪಾಲು ಕೊಡಲೇಬೇಕಿತ್ತು. ಬಲೆಯ ತುಂಡಿನ ಒಡೆಯರಿಗೆ ಒಂದು ಪಾಲು, ದೋಣಿಗೆ ಒಂದು, ದುಡಿದವರಿಗೆ ಒಂದು. ಹಗ್ಗಕ್ಕೆ ಕೈ ಹಾಕಿದ ದಾರಿಹೋಕನಿಗೂ ಒಂದು ಹಿಡಿ ಮೀನು. ಇಂದಿಗೂ ಕೈರಂಪಣಿ ಎಂಬ ಸಣ್ಣ ಬಲೆ ಎಳೆಯುವ ದಡಗಳಲ್ಲಿ ಈ ಕೊನೆಯ ಪದ್ಧತಿಯನ್ನು ಕಾಣಬಹುದು. ಯಾವ ಊರಿನವರು ಯಾವ ದಡದಲ್ಲಿ ಬಲೆ ಬಿಡಬೇಕು, ಜಗಳವಾದರೆ ಯಾರ ಮಾತು ನಡೆಯಬೇಕು ಎಂಬುದನ್ನು ಮೊಗವೀರ ಪಟ್ಣಗಳಲ್ಲಿ ಗುರಿಕಾರರು, ಉತ್ತರ ಕನ್ನಡದಲ್ಲಿ ಹರಿಕಂತ್ರ, ಖಾರ್ವಿ, ಗಾಬಿತ ಕೇರಿಗಳ ಹಿರಿಯರು ನೋಡಿಕೊಳ್ಳುತ್ತಿದ್ದರು. ಪಾಲಿನಲ್ಲಿ ಸಮಾನತೆ ಇರಲಿಲ್ಲ. ಸಾಲ ಕೊಟ್ಟ ವ್ಯಾಪಾರಿ ಬಲೆ ಒಣಗುವ ಮೊದಲೇ ಬಂದು ನಿಲ್ಲುತ್ತಿದ್ದ. ಆದರೆ ಊರಿನ ದುಡಿಮೆಯಿಲ್ಲದೆ ಒಬ್ಬನೇ ಒಬ್ಬ ಶ್ರೀಮಂತ ಕಡಲನ್ನು ಬಾಚಿಕೊಳ್ಳುವ ದಾರಿ ಇರಲಿಲ್ಲ.

ದಾರಿ ತೆರೆದದ್ದು ಸಿಗಡಿಯಿಂದ. ಭಾರತ, ನಾರ್ವೆ, ವಿಶ್ವಸಂಸ್ಥೆ ಸೇರಿ 1952ರಲ್ಲಿ ಒಪ್ಪಂದ ಮಾಡಿಕೊಂಡು ಕೊಲ್ಲಂ ಬಳಿಯ ನೀಂಡಕರದಲ್ಲಿ ಆರಂಭಿಸಿದ ಯೋಜನೆಯ ಉದ್ದೇಶ ಮೀನುಗಾರರ ಬದುಕು ಮೇಲೆತ್ತುವುದು. 1960ರ ದಶಕದಲ್ಲಿ ಅದರ ಕೇಂದ್ರ ಕಾರವಾರಕ್ಕೂ ಬಂತು. ಯೋಜನೆ ಶುರುವಾದ ವೇಳೆಗೇ, 1953ರಲ್ಲಿ, ಕೊಚ್ಚಿಯಿಂದ ಹೆಪ್ಪುಗಟ್ಟಿಸಿದ ಸಿಗಡಿ ಅಮೆರಿಕಕ್ಕೆ ಹೊರಟಿತು. ಸಿಗಡಿಗೆ ಡಾಲರ್ ಬೆಲೆ ಬಂದ ಮೇಲೆ ಕಡಲತಳವನ್ನು ಗೋರುವ ಟ್ರಾಲ್ ಬೋಟುಗಳಿಗೆ ಬ್ಯಾಂಕ್ ಸಾಲ, ಸಬ್ಸಿಡಿ, ಮಂಜುಗಡ್ಡೆ ಕಾರ್ಖಾನೆ ಎಲ್ಲವೂ ಒಂದರ ಹಿಂದೊಂದು ಬಂದವು. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಮಂಗಳೂರಿನಲ್ಲಿ ಶುರುವಾಯಿತು. ವಿಪರ್ಯಾಸವೆಂದರೆ ಸಿಗಡಿ ಬೆಳೆಯುವುದು ಆಳದಲ್ಲಲ್ಲ, ಅಳಿವೆಗಳ ಎದುರಿನ ತೆಳುನೀರಿನಲ್ಲಿ. ದೂರ ಹೋಗುವ ಶಕ್ತಿಯಿದ್ದ ಬೋಟುಗಳು ದೂರ ಹೋಗದೆ ಹುಟ್ಟಿನ ದೋಣಿಯ ಅಂಗಳಕ್ಕೇ ಬಂದವು, ರಾತ್ರಿ ಬಿಟ್ಟ ಪಟ್ಟೆಬಲೆಗಳನ್ನು ಹರಿದುಕೊಂಡು ಹೋದವು. ಆಮೇಲೆ 1975-76ರ ಹೊತ್ತಿಗೆ ಪರ್ಸೀನ್ ಬಂತು. ಹಿಂಡನ್ನು ನಡುನೀರಿನಲ್ಲೇ ಸುತ್ತುವರಿದು, ಬಲೆಯ ಕೆಳ ಅಂಚಿನ ಬಳೆಗಳಲ್ಲಿ ಹಾಯಿಸಿದ ಹಗ್ಗವನ್ನು ಎಳೆದು ತಳ ಮುಚ್ಚುವ ಬಲೆ ಅದು. ರಂಪಣಿ ಕಾಯುತ್ತಿದ್ದ ಹಿಂಡನ್ನು ಪರ್ಸೀನ್ ದಡಕ್ಕೆ ಬರುವ ಮೊದಲೇ ಎತ್ತಿತು. ಕೆಲವೇ ವರ್ಷಗಳಲ್ಲಿ ರಾಜ್ಯದ ಬಂಗುಡೆ ಬೂತಾಯಿಯ ಬಹುಪಾಲು ಅದರ ಪಾಲಾಯಿತು. 1980ರ ದಶಕದ ಆರಂಭಕ್ಕೆ ರಂಪಣಿಗಳು ಚಪ್ಪರ ಸೇರಿದವು.

ರಂಪಣಿಯವರು ಸುಮ್ಮನಿರಲಿಲ್ಲ. ಕರ್ನಾಟಕದಲ್ಲಿ ಪರ್ಸೀನ್ ವಿರುದ್ಧ ಪ್ರತಿಭಟನೆಗಳಾದವು, ಕಡಲಲ್ಲೂ ದಡದಲ್ಲೂ ಘರ್ಷಣೆಗಳಾದವು. ಗೋವೆಯಲ್ಲಿ ರಂಪಣಿಯವರಾದ ರಾಪಣಕಾರರು ಮಾತಾನಿ ಸಲ್ಡಾನ್ಹಾ ಅವರ ಮುಂದಾಳ್ತನದಲ್ಲಿ ಬೀದಿಗಿಳಿದರು, ಆ ಹೋರಾಟ ರಾಷ್ಟ್ರಮಟ್ಟದ ಮೀನುಗಾರರ ವೇದಿಕೆಗೆ ಬುನಾದಿಯಾಯಿತು. ದೋಣಿಗಳ ಬಗೆಗೆ ತಕ್ಕಂತೆ ಕಡಲನ್ನು ವಲಯಗಳಾಗಿ ಹಂಚುವುದು ಹೇಗೆ ಎಂದು ನೋಡಲು ಕೇಂದ್ರ ಸರ್ಕಾರ ಮಜುಮ್‌ದಾರ್ ಸಮಿತಿಯನ್ನು ನೇಮಿಸಿತು. ಮಾದರಿ ಮಸೂದೆ ರಾಜ್ಯಗಳಿಗೆ ಹೋಯಿತು. ಕೇರಳ ಮತ್ತು ಗೋವಾ 1980ರಲ್ಲಿ, ಮಹಾರಾಷ್ಟ್ರ 1981ರಲ್ಲಿ, ತಮಿಳುನಾಡು 1983ರಲ್ಲಿ ಕಾಯ್ದೆ ಮಾಡಿದವು, ಕರ್ನಾಟಕ 1986ರಲ್ಲಿ. ಅಷ್ಟು ಹೊತ್ತಿಗೆ ಇಲ್ಲಿ ಕಾಪಾಡಬೇಕಾದ ರಂಪಣಿಯೇ ಉಳಿದಿರಲಿಲ್ಲ.

ಹಳೆಯದಕ್ಕೆ ಹಂಬಲಿಸುವುದು ಹೊಟ್ಟೆ ತುಂಬಿದವರ ಕೆಲಸ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ, ಅದರಲ್ಲಿ ತೂಕವಿದೆ. ಹುಟ್ಟಿನ ದೋಣಿಯ ಬದುಕು ಕಷ್ಟದ್ದು. ಅಳಿವೆಯ ಬಾಯಲ್ಲಿ ದೋಣಿ ಮಗುಚಿ ಸತ್ತವರ ಲೆಕ್ಕ ಯಾವ ಗೆಜೆಟಿಯರಿನಲ್ಲೂ ಪೂರ್ತಿ ಸಿಗುವುದಿಲ್ಲ. ಮಳೆಗಾಲದ ಹಸಿವು, ಸಾಲ, ಮೀನು ಹೊತ್ತ ಹೆಂಗಸರನ್ನು ದೂರ ನಿಲ್ಲಿಸುತ್ತಿದ್ದ ಜಾತಿಯ ಕಣ್ಣು ಎಲ್ಲವೂ ಆ ಕಾಲದ್ದೇ. ಎಂಜಿನ್ ಬಂದ ಮೇಲೆ ಮಕ್ಕಳು ಓದಿದರು, ಹುಲ್ಲಿನ ಮನೆಗೆ ಹೆಂಚು ಬಂತು, ಮಲ್ಪೆ ದೇಶಕ್ಕೇ ಗೊತ್ತಿರುವ ಬಂದರಾಯಿತು. ಪರ್ಸೀನ್ ಬೋಟುಗಳನ್ನು ಕೊಂಡವರಲ್ಲಿ ರಂಪಣಿಯ ಪಾಲುದಾರರೂ ಇದ್ದರು; ಹೊರಗಿನ ಬಂಡವಾಳ ಬಂದು ಊರನ್ನು ಕೆಡಿಸಿತು ಎಂದಷ್ಟೇ ಹೇಳಿದರೆ ಅರ್ಧ ಸತ್ಯ. ಇದನ್ನೆಲ್ಲ ಒಪ್ಪಿಯೂ ನಾನು ಕೇಳುವುದು ಒಂದೇ: ದೂರದ ಕಡಲಿಗೆ ಹೋಗಲೆಂದು ಬಂದ ಎಂಜಿನ್ ಹತ್ತಿರದ ಕಡಲನ್ನೂ ಏಕೆ ತೆಗೆದುಕೊಳ್ಳಬೇಕಿತ್ತು? ಇಪ್ಪತ್ತು ಮಾರು ಆಳದಲ್ಲಿ ದುಡಿದು ಬಂದ ಸಂಪತ್ತಿನ ಬಗ್ಗೆ ನನ್ನ ತಕರಾರಿಲ್ಲ. ನಾಲ್ಕು ಮಾರಿನಲ್ಲಿ ಎಳೆದ ಟ್ರಾಲ್ ಮುಂದಿನ ವರ್ಷ ಇಪ್ಪತ್ತು ಮಾರಿನಲ್ಲಿ ಸಿಗಬೇಕಿದ್ದ ಮರಿಗಳನ್ನೇ ಬಾಚಿತು ಎಂಬುದು ತಕರಾರು, ಮತ್ತು ಅದರಿಂದ ದೊಡ್ಡ ಬೋಟಿನವರಿಗೂ ನಷ್ಟ. ಬಡತನ ನೀಗಲು ಎಂಜಿನ್ ಬೇಕಿತ್ತು ಎಂಬುದರಿಂದ ಎಲ್ಲೆ ಬೇಡವಾಗಿತ್ತು ಎಂದು ಸಿದ್ಧವಾಗುವುದಿಲ್ಲ.

ಮುಂದಿನ ಕಥೆ ಇನ್ನೂ ತೊಡಕಿನದು. ಉಳಿದುಕೊಳ್ಳಲೇಬೇಕಾದ ನಾಡದೋಣಿಯವರು ರಂಪಣಿಯ ತುಂಡುಗಳಿಂದಲೇ ಸಣ್ಣ ಸುತ್ತುಬಲೆಗಳನ್ನು ಕಟ್ಟಿಕೊಂಡರು, ಮಾಟುಬಲೆ ರಾಣಿಬಲೆಗಳು ಹುಟ್ಟಿದವು. 1980ರ ದಶಕದಲ್ಲಿ ದೋಣಿಯ ಹಿಂಬದಿಗೆ ಔಟ್‌ಬೋರ್ಡ್ ಎಂಜಿನ್ ಸಿಕ್ಕಿಸುವುದು ಶುರುವಾಯಿತು. ಮಾವಿನ ದಿಮ್ಮಿಯ ಜಾಗಕ್ಕೆ ಫೈಬರ್ ಬಂತು. ದೊಡ್ಡ ಮರಗಳು ಮುಗಿದಿದ್ದರಿಂದ ಅದು ಒಂದು ಬಗೆಯಲ್ಲಿ ಅನಿವಾರ್ಯವೂ ಆಗಿತ್ತು. ಈಗ ನಾಡದೋಣಿ ಎಂಬ ಹೆಸರಿನಡಿ ಹುಟ್ಟು ಹಾಕುವ ಪಾತಿಯೂ ಇದೆ, ಹತ್ತಾರು ಜನರನ್ನು ಹೊತ್ತು ದೂರ ಓಡುವ ಎಂಜಿನ್ ದೋಣಿಯೂ ಇದೆ. ಮಳೆಗಾಲದ ನಿಷೇಧದಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್‌ಗೆ ವಿನಾಯಿತಿ ಇದೆ. ಕಾಯ್ದೆಯ ಗೆರೆ ಪಾತಿ, ಎಂಜಿನ್ ದೋಣಿ ಎರಡನ್ನೂ ಒಂದೇ ಗುಂಪಿಗೆ ಸೇರಿಸುತ್ತದೆ. ಮೈಬಲದಿಂದ ಹುಟ್ಟಿದ ಎಲ್ಲೆಯನ್ನು ಕುದುರೆಬಲದ ಲೆಕ್ಕದಲ್ಲಿ ಬರೆದರೆ ಎಂಜಿನ್ ಬೆಳೆದಂತೆಲ್ಲ ಎಲ್ಲೆಯೂ ಹಿಗ್ಗುತ್ತದೆ. ಕೇಂದ್ರ ಸರ್ಕಾರ 2017ರಲ್ಲಿ ಪ್ರಖರ ಎಲ್‌ಇಡಿ ಬೆಳಕಿನ ಮೀನುಗಾರಿಕೆಯನ್ನು ನಿಷೇಧಿಸಿದ್ದು ಇದೇ ಓಟದ ಇನ್ನೊಂದು ಹಂತ. ಆದೇಶ ಇದ್ದರೂ ಬೆಳಕಿನ ಮೀನುಗಾರಿಕೆಯ ಮೇಲಿನ ದೂರುಗಳು ಕರಾವಳಿಯ ಪತ್ರಿಕೆಗಳಲ್ಲಿ ನಿಂತಿಲ್ಲ.

ಬರೆದ ಎಲ್ಲೆಯನ್ನು ಯಾರೂ ಪಾಲಿಸುವುದಿಲ್ಲ, ಆದ್ದರಿಂದ ಹುಟ್ಟಿನ ಕಾಲದ ಮಾತು ವ್ಯರ್ಥ ಎನ್ನುವವರು ಭೂಮಿಯ ಇನ್ನೊಂದು ತುದಿಯನ್ನು ನೋಡಬೇಕು. ಕಯಾಕ್ ಎಂಬ ಒಬ್ಬಂಟಿ ದೋಣಿ ಹುಟ್ಟಿದ್ದು ಉತ್ತರ ಧ್ರುವದ ಅಂಚಿನ ಇನ್ಯೂಯಿಟ್ ಮತ್ತು ಅಲ್ಯೂಟ್ ಜನರಲ್ಲಿ. ತೇಲಿಬಂದ ಮರದ ತುಂಡು ಮತ್ತು ಎಲುಬಿನ ಚೌಕಟ್ಟಿಗೆ ಸೀಲ್ ಚರ್ಮ ಹೊದಿಸಿ ಹೊಲಿದ ದೋಣಿ. ಅದರ ಉದ್ದವನ್ನೂ ಬಾಯಿಯ ಅಗಲವನ್ನೂ ಕೂರುವವನ ಮಾರು, ಗೇಣು, ಸೊಂಟದ ಅಳತೆಯಿಂದಲೇ ನಿರ್ಧರಿಸುತ್ತಿದ್ದರು. ಗ್ರೀನ್‌ಲ್ಯಾಂಡಿನಲ್ಲಿಯೂ 20ನೇ ಶತಮಾನದಲ್ಲಿ ಮೋಟಾರ್ ದೋಣಿ ಬಂದು ಕಯಾಕನ್ನು ಮೂಲೆಗೆ ತಳ್ಳಿತು. ಆದರೆ ವಾಯುವ್ಯ ತುದಿಯ ಕಾನಾಕ್ ಪ್ರದೇಶದ ಬೇಟೆಗಾರರು ನಾರ್ವಾಲ್ ತಿಮಿಂಗಿಲವನ್ನು ಕಯಾಕಿನಿಂದಲೇ, ಕೈಯಿಂದ ಎಸೆದ ಈಟಿಯಿಂದಲೇ ಮೊದಲು ಹಿಡಿಯಬೇಕು ಎಂಬ ನಿಯಮವನ್ನು ಉಳಿಸಿಕೊಂಡರು. ಮೋಟಾರಿನ ಸದ್ದಿಗೆ ನಾರ್ವಾಲ್ ಕೊಲ್ಲಿ ಬಿಟ್ಟು ಓಡುತ್ತದೆ, ಮೊದಲೇ ಗುಂಡು ಹೊಡೆದರೆ ಸತ್ತದ್ದು ಮುಳುಗಿ ಪೋಲಾಗುತ್ತದೆ. ಎರಡನ್ನೂ ಅವರು ಅನುಭವದಿಂದ ಬಲ್ಲರು. ದಡದಿಂದ ಬೇಟೆಯ ನೀರಿನವರೆಗೆ ಅವರ ಬಳಿ ಮೋಟಾರ್ ಇದೆ, ಮನೆಯಲ್ಲಿ ವಿದ್ಯುತ್ತಿದೆ, ಕೈಯಲ್ಲಿ ಫೋನಿದೆ. ಕೊನೆಯ ಹಂತಕ್ಕೆ ಮಾತ್ರ ಹುಟ್ಟು. ಎಂಜಿನ್ನನ್ನೂ ಎಲ್ಲೆಯನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಬೇಟೆಗಾರರು ಕೆಲವೇ ಜನ, ನಮ್ಮ ಕರಾವಳಿಯಲ್ಲಿ ಮೀನುಗಾರರು ಲಕ್ಷ ಮೀರಿದ್ದಾರೆ ಎಂಬ ವ್ಯತ್ಯಾಸ ನಿಜ. ಅದಕ್ಕಾಗಿಯೇ ಇಡೀ ಆರು ಕಿಲೋಮೀಟರಿಗೆ ಆ ನಿಯಮವನ್ನು ಹಾಸುವ ಮಾತನ್ನು ನಾನು ಆಡುವುದಿಲ್ಲ.

ಆ ಕಯಾಕ್ ಈಗ ಪ್ಲಾಸ್ಟಿಕ್ ಮೈ ಹೊತ್ತು ನಮ್ಮ ತೀರಕ್ಕೂ ಬಂದಿದೆ. ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯ ಕಾಂಡ್ಲಾ ಕಾಡಿನಲ್ಲಿ, ಹೊನ್ನಾವರದ ಶರಾವತಿ ಹಿನ್ನೀರಿನಲ್ಲಿ ಪ್ರವಾಸಿಗರು ಅದನ್ನು ನಡೆಸುತ್ತಾರೆ, ಗಾಳ ಕಟ್ಟಿಕೊಂಡು ಕುರುಡಿ, ಕೆಂಬೇರಿ ಹುಡುಕುವ ಹವ್ಯಾಸಿಗಳೂ ಹುಟ್ಟಿಕೊಂಡಿದ್ದಾರೆ. ಹವ್ಯಾಸ ಕಸುಬಲ್ಲ, ಅದನ್ನು ಪಾತಿಯ ಮರುಹುಟ್ಟು ಎಂದು ಕರೆದರೆ ಪಾತಿಯಲ್ಲಿ ಬದುಕಿದವರಿಗೆ ಅನ್ಯಾಯ. ವಿದೇಶಗಳಲ್ಲಿ ಕಯಾಕಿಗೂ ಮೀನು ತೋರಿಸುವ ಯಂತ್ರ, ಬ್ಯಾಟರಿ ಮೋಟಾರ್ ಸೇರಿಕೊಂಡಿವೆ. ಹಾಗಾದ ಮೇಲೆ ಅದು ಹೆಸರಿಗಷ್ಟೇ ಕಯಾಕ್. ಆದರೂ ಒಂದು ಉಪಯೋಗವಿದೆ. ಅಳಿವೆಯ ನೀರಿನಲ್ಲಿ ಎಂಜಿನ್ ಇಲ್ಲದೆ ಓಡಾಡುವವರು ಹೆಚ್ಚಾದಷ್ಟೂ, ಆ ನೀರನ್ನು ಎಂಜಿನ್ನಿನಿಂದ ಉಳಿಸಬೇಕೆನ್ನುವ ದನಿಯೂ ಹೆಚ್ಚುತ್ತದೆ. ಕಾವಲು ಸುಲಭವಾಗಿರುವುದೂ ಅಳಿವೆಗಳಲ್ಲೇ: ತೆರೆದ ಕಡಲಿನಲ್ಲಿ ಆರನೆಯ ಕಿಲೋಮೀಟರ್ ಯಾರ ಕಣ್ಣಿಗೂ ಕಾಣದು, ಅಳಿವೆಯ ಒಳಗೆ ಬಂದ ಬೋಟು ಎರಡೂ ದಡದ ಊರಿಗೆ ಕಾಣುತ್ತದೆ. ಅಘನಾಶಿನಿಯ ಅಳಿವೆ 2024ರಲ್ಲಿ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿ ಇಳಿತದ ಹೊತ್ತಿನಲ್ಲಿ ಹೆಂಗಸರು ಗಂಡಸರು ಸಣ್ಣ ದೋಣಿಗಳಲ್ಲಿ ಹೋಗಿ, ಮೊಣಕಾಲುದ್ದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಆರಿಸುತ್ತಾರೆ. ಸಿಗಡಿಯ ಮರಿ, ಕಾಣೆಯ ಮರಿ ಬೆಳೆಯುವುದೂ ಅದೇ ನೀರಿನಲ್ಲಿ. ಹುಟ್ಟಿಗೆ ಮಾತ್ರ ಎಂದು ಬರೆದ ನಿಯಮವೊಂದನ್ನು ಅಲ್ಲಿನ ಊರವರನ್ನೇ ಕೇಳಿ, ಅವರ ಕೈಯಲ್ಲೇ ಕಾವಲು ಕೊಟ್ಟು, ತದಡಿಯ ಬಂದರಿಗೆ ಬೋಟುಗಳು ಹಾಯುವ ಕಾಲುವೆಯೊಂದನ್ನು ಬಿಟ್ಟು ಉಳಿದ ನೀರಿಗೆ ತರುವುದು ಆಗದ ಕೆಲಸವೇನಲ್ಲ. 1986ರ ಕಾಯ್ದೆಗೆ ತಿದ್ದುಪಡಿಯೂ ಬೇಕಾಗಬಹುದು. ಅದನ್ನು ಕೇಳುವ ಮೊದಲ ಹಕ್ಕು ಬಳಚು ಆರಿಸುವವರದು.